ಚಿತ್ರಪುಸ್ತಕದಲ್ಲಿ ಕಾಣದ ನಮ್ಮ ತಾಯಂದಿರು

ಅಕ್ಷರ ಕಲಿಯುವ ಮೊದಲೇ ಮಗು ಚಿತ್ರವನ್ನು ಓದುತ್ತದೆ. ಪತ್ರಿಕೆ ಹಿಡಿದು ಕುಳಿತ ತಂದೆ, ಒಲೆಯ ಮುಂದೆ ನಿಂತ ತಾಯಿ, ಚೆಂಡಾಡುವ ಅಣ್ಣ, ಪೊರಕೆ ಹಿಡಿದ ತಂಗಿ. ಪುಟಪುಟದಲ್ಲೂ ಇದನ್ನೇ ಕಂಡ ಮಗು ಇದೇ ಲೋಕನಿಯಮವೆಂದು ನಂಬಿದರೆ ಅದರ ತಪ್ಪೇನು?

ಇದು ನಮ್ಮಲ್ಲಿಗೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದಲ್ಲಿ ಪ್ರಶಸ್ತಿ ಪಡೆದ ಚಿತ್ರಪುಸ್ತಕಗಳ ಕುರಿತು 1972ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅವುಗಳಲ್ಲಿ ಗಂಡಿನ ಚಿತ್ರಗಳು ಹೆಣ್ಣಿನ ಚಿತ್ರಗಳ 11 ಪಟ್ಟು ಇದ್ದವು.

ಆದರೆ ನಮ್ಮ ವಾಸ್ತವವೇನು? ಸೇಡಂ, ಚಿಂಚೋಳಿಗಳ ತೊಗರಿ ಹೊಲಗಳಲ್ಲಿ ಬೆವರು ಸುರಿಸುವವರಲ್ಲಿ, ವಾಡಿ, ಶಹಾಬಾದ್‌ಗಳಲ್ಲಿ ಹೊಲಿಗೆ ಯಂತ್ರ ತುಳಿದು ಸಂಸಾರ ಸಾಗಿಸುವವರಲ್ಲಿ ಮಹಿಳೆಯರಿಲ್ಲವೇ? ಅವರ ದುಡಿಮೆಗೆ ಚಿತ್ರಪುಸ್ತಕದಲ್ಲಿ ಸ್ಥಾನವೇಕಿಲ್ಲ?

2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯಲ್ಲಿ ಪುರುಷರ ಸಾಕ್ಷರತೆ ಸುಮಾರು ಶೇ. 74, ಮಹಿಳೆಯರದು ಶೇ. 55 ಮಾತ್ರ. ಈ ಅಂತರಕ್ಕೆ ಬಡತನ, ಬಾಲ್ಯವಿವಾಹ, ಶಾಲೆಯ ದೂರ ಮುಂತಾದ ಕಾರಣಗಳಿವೆ. ಚಿತ್ರವೊಂದೇ ಇದಕ್ಕೆ ಹೊಣೆಯಲ್ಲ, ನಿಜ. ಆದರೆ 'ಹುಡುಗಿ ಓದಿ ಮಾಡಬೇಕಾದುದೇನಿದೆ?' ಎಂಬ ಮನೋಭಾವಕ್ಕೆ ನೀರೆರೆಯುವುದು ಇಂತಹ ಚಿತ್ರಗಳೇ.

ಕೇರಳ ಸರಕಾರವು 2024ರಲ್ಲಿ ಹೊರತಂದ 3ನೇ ತರಗತಿಯ ಪಠ್ಯಪುಸ್ತಕದಲ್ಲಿ ತಂದೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾನೆ. ಅದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ನಮ್ಮ ರಾಜ್ಯದ ಪಠ್ಯಪುಸ್ತಕ ರಚನಾಕಾರರೂ ಇದನ್ನು ಗಮನಿಸಲಿ.

ಪೋಷಕರಿಗೂ ಹೊಣೆಯಿದೆ. ಪುಸ್ತಕ ಕೊಳ್ಳುವಾಗ ಬೆಲೆಯನ್ನಷ್ಟೇ ನೋಡದೆ ಪುಟಗಳನ್ನೂ ತಿರುವಿ ನೋಡಿ. ಮನೆಯಲ್ಲಿರುವ ಹಳೆಯ ಪುಸ್ತಕವನ್ನು ಎಸೆಯಬೇಕಿಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, 'ಈ ಕೆಲಸವನ್ನು ಅಬ್ಬಾ ಮಾಡಬಾರದೇ?' ಎಂದು ಕೇಳಿದರೆ ಸಾಕು. ಉತ್ತರವನ್ನು ಮಗುವೇ ಹುಡುಕಲಿ.