ಎರಡು ಗುಲಗಂಜಿ ಮದ್ದು

ಬನಹಟ್ಟಿಯಲ್ಲಿರುವ ನಮ್ಮ ಅತ್ತೆಯವರಿಗೆ ಪ್ರತಿ ಭಾನುವಾರ ಬೆಳಿಗ್ಗೆ ಮಗನಿಂದ ಫೋನು ಬರುವುದು ವಾಡಿಕೆ. ಮಗನಿರುವುದು ಅಮೆರಿಕದ ಟೆಕ್ಸಸ್ಸಿನಲ್ಲಿ. ಮಳೆ, ಅಡಿಗೆ, ಮಕ್ಕಳ ಶಾಲೆ ಇಷ್ಟರಲ್ಲಿ ಮುಗಿಯಬೇಕಾದ ಮಾತು ಕಳೆದ ತಿಂಗಳು ಒಮ್ಮೆ ದಾರಿ ತಪ್ಪಿ ಆತನ ಹೊಸ ಹವ್ಯಾಸಕ್ಕೆ ಬಂದು ನಿಂತಿತು. ನನ್ನ ಭಾವಮೈದುನ ಪಿಸ್ತೂಲಿನ ಕಾಡತೂಸುಗಳನ್ನು ಮನೆಯ ಗ್ಯಾರೇಜಿನಲ್ಲಿ ಕುಳಿತು ತಾನೇ ತುಂಬುತ್ತಾನಂತೆ. ಶನಿವಾರ ಗುರಿ ಹೊಡೆಯುವ ಮೈದಾನಕ್ಕೆ ಒಯ್ದು ಪರೀಕ್ಷಿಸುತ್ತಾನಂತೆ. ಅತ್ತೆಯವರು ಫೋನನ್ನು ನನ್ನ ಕೈಗಿತ್ತರು.

“ನೀವು ಕಲ್ತವ್ರು, ಅಂವಗ ತಿಳಿಸಿ ಹೇಳ್ರಿ. ಮದ್ದು ಮನ್ಯಾಗ ಇಟ್ಕೊಳ್ಳೋದು ಅಂದ್ರ ಏನು?”

ಕನ್ನಡವನ್ನು ಕಲಿತವನಿಗೆ ಮದ್ದು ಎಂದರೆ ಔಷಧವೂ ಹೌದು, ಸಿಡಿಮದ್ದೂ ಹೌದು. ಆಗದವರು ಅನ್ನದಲ್ಲಿ ಕಲಸಿ ಹಾಕುತ್ತಾರೆಂದು ನಮ್ಮ ಹೆಂಗಸರು ಹೆದರುವ ಕೈಮದ್ದು ಬೇರೆ ಇದೆ. ಭಾವಮೈದುನನ ವ್ಯವಹಾರಕ್ಕೆ ಈ ಕೊನೆಯ ಹೆಸರೇ ಹೆಚ್ಚು ಒಪ್ಪುವಂತೆ ತೋರಿತು. ಆದರೆ ಆತ ವಿವರಿಸತೊಡಗಿದ ಮೇಲೆ, ಉಪದೇಶಿಸಬೇಕಾದ ನಾನೇ ಶಿಷ್ಯನಾಗಿ ಕುಳಿತೆ.

ಕಾಡತೂಸಿನಲ್ಲಿ ನಾಲ್ಕೇ ವಸ್ತು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಒಮ್ಮೆ ಹಾರಿಸಿದ ಮೇಲೂ ಕೊಳವೆ ಉಳಿಯುತ್ತದೆ. ಅದನ್ನು ತೊಳೆದು, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಮತ್ತೆ ತುಂಬುವುದೇ ಈ ಹವ್ಯಾಸ. ಮದ್ದನ್ನು ತೂಗುವುದು ಗ್ರೇನ್ ಎಂಬ ಮಾನದಿಂದ. ಅಂಥ 7000 ಸೇರಿದರೆ ಒಂದು ಪೌಂಡು. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನಿಗೆ ಸಮ. ಸಾಧಾರಣ ಪಿಸ್ತೂಲಿನ ಒಂದು ಕಾಡತೂಸಿಗೆ ಎರಡು ಮೂರು ಗುಲಗಂಜಿ ತೂಕದ ಮದ್ದು ಸಾಕಂತೆ. ಮೂಗುತಿಯ ಬಂಗಾರವನ್ನು ತೂಗುವಷ್ಟು ಎಚ್ಚರ ಬೇಕಾದ ಕೆಲಸ!

ಎಷ್ಟು ಎಚ್ಚರದಿಂದ ತೂಗಿದರೂ ತುಂಬಿದವನ ಮಾತನ್ನು ನಂಬುವಂತಿಲ್ಲ. ಆದ್ದರಿಂದ ಪರೀಕ್ಷೆ. ಪಿಸ್ತೂಲಿನ ಮುಂದೆ ಒಂದು ಯಂತ್ರವಿಡುತ್ತಾರೆ. ಗುಂಡು ಅದರ ಎರಡು ಬೆಳಕಿನ ಕಣ್ಣುಗಳನ್ನು ದಾಟುವ ಕಾಲದಿಂದ ವೇಗ ತಿಳಿಯುತ್ತದೆ, ಸೆಕೆಂಡಿಗೆ ಸಾವಿರ ಅಡಿಯ ಆಸುಪಾಸು. ಹತ್ತು ಗುಂಡುಗಳ ಸರಾಸರಿ ಚೆನ್ನಾಗಿ ಬಂದರೆ ಸಾಲದು. ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಅಂತರವೆಷ್ಟು ಎಂಬುದನ್ನು ನೋಡಬೇಕು. ತರಗತಿಯ ಸರಾಸರಿ ಅಂಕಗಳನ್ನು ತೋರಿಸಿ ಅನುತ್ತೀರ್ಣರನ್ನು ಮರೆಸುವ ವಿದ್ಯೆ ನಮ್ಮ ಕಾಲೇಜುಗಳಲ್ಲಿ ನಡೆದೀತು, ಅಲ್ಲಿ ನಡೆಯದು.

ವೇಗವನ್ನು ಅಳೆಯುವ ಈ ಬುದ್ಧಿ ಹೊಸದಲ್ಲ. ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ ಭಾರವಾದ ಲೋಲಕವೊಂದನ್ನು ತೂಗುಹಾಕಿ, ಅದಕ್ಕೆ ಗುಂಡು ಹಾರಿಸಿ, ಅದು ಎಷ್ಟು ದೂರ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕ ಹಾಕಿದ. 1742ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದ. ಮುಂದೆ ಆತ ಈಸ್ಟ್ ಇಂಡಿಯಾ ಕಂಪನಿಯ ಇಂಜಿನಿಯರನಾಗಿ ನಮ್ಮ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಇಷ್ಟಾದ ಮೇಲೆ ಭಾವಮೈದುನ ದನಿ ತಗ್ಗಿಸಿದ. “ಅವ್ವಗ ಹೇಳಬ್ಯಾಡ್ರಿ ಮಾಮಾ. ಹೋದ ಶನಿವಾರ ಒಂದು ತಪ್ಪಾತು.”

ಆರನೆಯ ಗುಂಡು ಹಾರಿಸಿದಾಗ ಎಂದಿನ ಸದ್ದು ಬರಲಿಲ್ಲವಂತೆ. ಟಪ್ ಎಂದು ಒಂದು ಸಣ್ಣ ದನಿ, ಅಷ್ಟೆ. ಖಾಲಿ ಕೊಳವೆ ಹೊರಗೆ ಹಾರಲಿಲ್ಲ. ಕಾಡತೂಸು ಕೆಟ್ಟಿತೆಂದು ಅದನ್ನು ಕೈಯಿಂದ ತೆಗೆದು ಮುಂದಿನದನ್ನು ಏರಿಸಿದ. ಬೆರಳು ಕುದುರೆಯ ಮೇಲೆ ಬಂದಿತ್ತು. ಪಕ್ಕದಲ್ಲಿದ್ದ ವೃದ್ಧರೊಬ್ಬರು ಆ ಸಪ್ಪೆ ಸದ್ದನ್ನು ಕೇಳಿ, “ನಿಲ್ಲಿಸು!” ಎಂದು ಕೂಗಿದರಂತೆ. ಬಿಚ್ಚಿ ನೋಡಿದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಆ ಕೊಳವೆಗೆ ಈತ ಮದ್ದನ್ನೇ ಹಾಕಿರಲಿಲ್ಲ. ಕೇಪಿನ ಬಲವೊಂದರಿಂದಲೇ ಗುಂಡು ಅಷ್ಟು ದೂರ ಸಾಗಿ ನಿಂತಿತ್ತು. ಅದರ ಹಿಂದೆ ಇನ್ನೊಂದು ಹೋಗಿದ್ದರೆ ನಳಿಗೆ ಆತನ ಕೈಯಲ್ಲೇ ಸೀಳುತ್ತಿತ್ತು. ಮದ್ದು ತುಂಬುವಾಗ ಮಗಳು ಏನೋ ಕೇಳಲು ಬಂದಿದ್ದಳಂತೆ. ಉತ್ತರ ಕೊಟ್ಟು ತಿರುಗುವಷ್ಟರಲ್ಲಿ ಒಂದು ಕೊಳವೆ ಲೆಕ್ಕ ತಪ್ಪಿತ್ತು.

ನಾನು ಏನು ಹೇಳಿದೆನೋ ನೆನಪಿಲ್ಲ. ಜಮಖಂಡಿಗೆ ಮರಳುವಾಗ ಬಸ್ಸಿನಲ್ಲಿ ಹಲಗಲಿ ಮನಸ್ಸಿಗೆ ಬಂತು. ಮುಧೋಳ ಸೀಮೆಯ ಈ ಊರಿನ ಹೆಸರು ಹತ್ತನೆಯ ತರಗತಿಯ ಲಾವಣಿಯ ಪಾಠದಿಂದ ನಾಡಿಗೆಲ್ಲ ಪರಿಚಿತ. ಅಲ್ಲಿಯ ಬೇಡರ ಕಾಲದಲ್ಲಿ ಪ್ರತಿಯೊಂದು ಈಡೂ ಕೈಯಿಂದ ತುಂಬಿದ್ದೇ. ನಳಿಗೆಯ ಬಾಯಿಂದ ಮದ್ದು ಸುರಿದು, ಬಿರಡೆ ಒತ್ತಿ, ಗುಂಡು ಇಳಿಸಿ, ಗಜದಿಂದ ಜಡಿಯಬೇಕು. ಬೇಡನಿಗೆ ಯಂತ್ರವೂ ಇಲ್ಲ, ಮೈದಾನವೂ ಇಲ್ಲ. ಅಡವಿಯಲ್ಲಿ ಬೇಟೆ ಬಿದ್ದರೆ ಅಳತೆ ಸರಿ, ತಪ್ಪಿದರೆ ಮನೆಯವರಿಗೆ ಉಪವಾಸ. ಅಂಥವನಿಗೆ 1857ರ ನಿಶ್ಶಸ್ತ್ರೀಕರಣ ಕಾಯಿದೆ, ಸರಕಾರದ ಅಪ್ಪಣೆಯಿಲ್ಲದೆ ಆಯುಧ ಇಟ್ಟುಕೊಳ್ಳಕೂಡದೆಂದಿತು. ಪೂಜೇರಿ ಹನುಮ, ಬಾಲ, ಜಡಗ, ರಾಮ ಮೊದಲಾದವರು ಕೊಡೆವೆಂದರು. ಆ ವರ್ಷದ ನವೆಂಬರಿನಲ್ಲಿ ಕರ್ನಲ್ ಮಾಲ್ಕಮನ ದಂಡು ಬಂದಿತು. ಊರಿಗೆ ಬೆಂಕಿ ಬಿದ್ದಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೆರೆಯಾಳುಗಳನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಬರೆಸಿಕೊಂಡು ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್; ಅವನೂ ಅದೇ ಸರಕಾರದ ಅಧಿಕಾರಿಯೇ ಎಂಬುದು ವಿಚಿತ್ರವಾದರೂ ನಿಜ.

ನಾಲ್ಕು ವರ್ಷಗಳ ತರುವಾಯ, 1861ರಲ್ಲಿ, ಅದೇ ಬ್ರಿಟಿಷರು ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಕೊಟ್ಟರು. ಆ ವಿನಾಯಿತಿಯನ್ನು ನಮ್ಮ ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು; ಕೈಲ್ ಪೊಳ್ದಿನಲ್ಲಿ ಅಲ್ಲಿಯವರು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಕೋವಿಯನ್ನು ಯಾರ ಕೈಯಲ್ಲಿ ಬಿಡಬೇಕು ಎಂಬುದನ್ನು ದೊರೆಗಳು ತೂಗಿದ್ದು ಕೈಯ ಎಚ್ಚರವನ್ನು ನೋಡಿಯಲ್ಲ, ನಿಷ್ಠೆಯನ್ನು ನೋಡಿ. ಇಂದಿನ ನಮ್ಮ 1959ರ ಆಯುಧ ಕಾಯಿದೆಯಂತೂ ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನಷ್ಟೇ ಅಲ್ಲ, ಪರೀಕ್ಷಿಸುವುದನ್ನೂ ನಿಷೇಧಿಸಿದೆ. ಬೇಡರ ಪರವಾಗಿ ಮನಸ್ಸು ಎಷ್ಟು ಮಿಡಿದರೂ, ಟೆಕ್ಸಸ್ಸಿನ ಆ ಸಪ್ಪೆ ಸದ್ದನ್ನು ಕೇಳಿದ ಮೇಲೆ, ಬನಹಟ್ಟಿಯ ಮನೆಮನೆಯಲ್ಲಿ ಮದ್ದಿನ ತಕ್ಕಡಿ ಇಲ್ಲದಿರುವುದು ನನಗೆ ಸಮಾಧಾನವೇ. ಈ ಎರಡು ಮಾತುಗಳಿಗೆ ಹೊಂದಾಣಿಕೆ ಮಾಡಿಸುವುದು ನನ್ನಿಂದ ಆಗಿಲ್ಲ.

ಮುಂದಿನ ಭಾನುವಾರವೂ ನಾನು ಬನಹಟ್ಟಿಯಲ್ಲೇ ಇದ್ದೆ. ಈಗ ಗುಂಡು ಕೂರಿಸುವ ಮುನ್ನ ಐವತ್ತು ಕೊಳವೆಗಳನ್ನೂ ತಟ್ಟೆಯಲ್ಲಿ ನಿಲ್ಲಿಸಿ, ಬ್ಯಾಟರಿ ಹಿಡಿದು ಒಂದೊಂದರ ಒಳಗೂ ಇಣುಕುತ್ತೇನೆ, ಆಗ ಯಾರು ಕರೆದರೂ ಓಗೊಡುವುದಿಲ್ಲ ಎಂದು ಭಾವಮೈದುನ ನನಗೆ ಹೇಳುತ್ತಿದ್ದ. ಅತ್ತೆಯವರು ಫೋನನ್ನು ಕಸಿದುಕೊಂಡರು.

“ನಳಗಿಯೊಳಗ ಸಿಕ್ಕಿತ್ತಲ್ಲ, ಆ ಗುಂಡು ಎಲ್ಲೈತಿ?”

ಹಿಂದಿನ ವಾರ ಮಾತಾಡುವಾಗ ಫೋನಿನ ಸ್ಪೀಕರು ಹಚ್ಚಿದ್ದುದು ನನಗಾಗಲಿ ಅವನಿಗಾಗಲಿ ತಿಳಿದಿರಲಿಲ್ಲ. ಹರೆಯದಲ್ಲಿ ದಿನಕ್ಕೆ ನೂರಾರು ಕಂಡಿಕೆ ಸುತ್ತಿ, ಒಂದು ಎಳೆ ಹರಿದರೂ ಮಗ್ಗದ ಸದ್ದಿನಲ್ಲೇ ಗುರುತಿಸುತ್ತಿದ್ದ ಕಿವಿ ಅದು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಕೊನೆಗೆ ಉತ್ತರ ಬಂತು, ತಟ್ಟಿ ತೆಗೆಸಿದ್ದಾಗಿದೆ, ಮೇಜಿನ ಮೇಲಿದೆ ಎಂದು.

“ಒಗೀಬ್ಯಾಡ, ಅಲ್ಲೇ ಇರಲಿ” ಎಂದ ಅತ್ತೆಯವರು, ಊಟವಾಯಿತೇ ಎಂದು ಕೇಳಿದರು.