ರಕ್ತಸ್ತಂಭಕ ಜೆಲ್ ಪಟ್ಟಿಗಳ ಸಂಶೋಧನೆಯನ್ನು ಕುರಿತ ಮನವಿ ಪತ್ರ

ಕರ್ನಾಟಕ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರ ಸನ್ನಿಧಿಗೆ, ಕರಾವಳಿಯ ವೈದ್ಯರೂ ರಸಾಯನಶಾಸ್ತ್ರದ ಅಧ್ಯಾಪಕರೂ ಸವಿನಯವಾಗಿ ಸಲ್ಲಿಸುವ ಮನವಿ.

ಮಾನ್ಯರೇ,

ಮಲ್ಪೆ, ಮಂಗಳೂರು, ಕಾರವಾರಗಳಲ್ಲಿ ಸಿಗಡಿ ಸುಲಿದ ಮೇಲೆ ಉಳಿಯುವ ಸಿಪ್ಪೆಯಿಂದ ಆಮ್ಲದ ಮೂಲಕ ಸುಣ್ಣವನ್ನೂ ಕ್ಷಾರದ ಮೂಲಕ ಪ್ರೋಟೀನನ್ನೂ ಕಳೆದರೆ ಕೈಟಿನ್ ಎಂಬ ಬಹುಶರ್ಕರವು ದೊರೆಯುವುದೂ, ಅದನ್ನು ಪುನಃ ತೀವ್ರಕ್ಷಾರದಲ್ಲಿ ಕಾಯಿಸಿದರೆ ಕೈಟೋಸಾನ್ ಆಗಿ ಪರಿಣಮಿಸುವುದೂ ತಮಗೆ ಅವಿದಿತವಲ್ಲ. ಧನವಿದ್ಯುದಂಶವುಳ್ಳ ಈ ದ್ರವ್ಯವು ಋಣವಿದ್ಯುದಂಶವುಳ್ಳ ರಕ್ತಕಣಗಳನ್ನು ಸೆಳೆದು ಗಾಯದ ಬಾಯಿಯಲ್ಲಿ ಒತ್ತೊತ್ತಾಗಿ ಕೂಡಿಸುವುದರಿಂದ, ಹೆಪಾರಿನ್ ಪಡೆಯುತ್ತಿರುವ ರೋಗಿಯಲ್ಲಿಯೂ ರಕ್ತಸ್ರಾವವನ್ನು ತಡೆಯಲು ನೆರವಾಗಬಲ್ಲುದು. ಅಮೆರಿಕದ ನಿಯಂತ್ರಣ ಸಂಸ್ಥೆಯು 2002ರಲ್ಲಿಯೇ ಕೈಟೋಸಾನ್ ಪಟ್ಟಿಗೆ ಸಮ್ಮತಿಯಿತ್ತಿತು. ಅದನ್ನು ಅಲ್ಲಿಯ ಸೈನಿಕರು ರಣರಂಗಕ್ಕೆ ಒಯ್ದರು.

ಬಟ್ಟೆಯ ಪಟ್ಟಿ ತಲಪದ ಆಳವಾದ, ವಕ್ರವಾದ ಗಾಯಗಳಿಗೆ ಜೆಲ್ ಹೆಚ್ಚು ಯೋಗ್ಯ. ಕಂದು ಕಡಲಕಳೆಯಿಂದ ದೊರೆಯುವ ಆಲ್ಜಿನೇಟನ್ನು ಉತ್ಕರ್ಷಿಸಿ ಕೈಟೋಸಾನಿನೊಡನೆ ಬೆರೆಸಿದರೆ, ಗ್ಲುಟರಾಲ್ಡಿಹೈಡಿನಂತಹ ವಿಷದ್ರವ್ಯದ ಹಂಗಿಲ್ಲದೆ ಅವೆರಡೂ ತಾವಾಗಿಯೇ ಬೆಸೆದು ಜೆಲ್ ಆಗುವುವು. ಆದರೆ ಜೆಲ್ ಗಟ್ಟಿಯಾಗುವುದಕ್ಕೆ ಮುನ್ನವೇ ಧಮನಿಯಿಂದ ಚಿಮ್ಮುವ ರಕ್ತವು ಅದನ್ನು ಕೊಚ್ಚಿಕೊಂಡು ಹೋಗುವುದೂ, ಇಕ್ಕಟ್ಟಾದ ಎಡೆಯಲ್ಲಿ ಉಬ್ಬಿದ ಜೆಲ್ ನರವನ್ನು ಅದುಮುವುದೂ ಸಂಭವನೀಯ. ಇಲಿಯ ಯಕೃತ್ತನ್ನು ಚುಚ್ಚಿ, ಬಾಲವನ್ನು ಕತ್ತರಿಸಿ ಬರೆದ ಪ್ರಬಂಧಗಳೇನೋ ಹೇರಳವಾಗಿವೆ. ಆದರೆ ಈ ಎರಡು ಅಪಾಯಗಳ ಪ್ರಶ್ನೆಗೆ ಅವುಗಳಿಂದ ಉತ್ತರ ದೊರೆಯದು.

ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದ ಕೊರತೆ ಕಲ್ಪನೆಯದಲ್ಲ, ಏಕರೂಪವಾದ ಕಚ್ಚಾಸಾಮಗ್ರಿಯದು. ಕೈಟೋಸಾನಿನ ಅಣುಭಾರವೂ ಅಸಿಟೈಲ್ ಅಂಶವನ್ನು ಕಳೆದ ಪ್ರಮಾಣವೂ ಪ್ರತಿ ಪಾಕಕ್ಕೆ ಬೇರೆಯಾದರೆ, ಇಂದು ರಕ್ತವನ್ನು ತಡೆದ ಜೆಲ್ ನಾಳೆ ತಡೆಯುವುದೆಂಬ ಭರವಸೆ ಎಲ್ಲಿಯದು? ಆದುದರಿಂದ, ಅನುದಾನವನ್ನು ಹಲವು ಪ್ರಯೋಗಶಾಲೆಗಳಿಗೆ ಚಿಲ್ಲರೆಯಾಗಿ ಹಂಚುವುದರ ಬದಲು, ಈ ಎರಡು ಗುಣಗಳನ್ನೂ ಲೋಹಕಲ್ಮಷವನ್ನೂ ಜೀವಾಣುವಿಷವನ್ನೂ ಪರೀಕ್ಷಿಸಿ ಪ್ರಮಾಣಪತ್ರ ನೀಡಬಲ್ಲ ಒಂದು ಶುದ್ಧೀಕರಣ ಕೇಂದ್ರವನ್ನು ಕರಾವಳಿಯಲ್ಲಿ ಮೊದಲು ಸ್ಥಾಪಿಸಬೇಕೆಂದೂ, ಸಿಪ್ಪೆಯನ್ನು ಕೊಳೆಯುವ ಮುನ್ನ ಬೇರ್ಪಡಿಸಿ ಕೊಡುವ ಸಿಗಡಿ ಸುಲಿಯುವ ಹೆಂಗಸರಿಗೆ ತಕ್ಕ ಬೆಲೆಯನ್ನು ನಿಗದಿಪಡಿಸಬೇಕೆಂದೂ ಪ್ರಾರ್ಥಿಸುತ್ತೇವೆ.

ಆ ಕೇಂದ್ರದ ಕಚ್ಚಾಸಾಮಗ್ರಿಯಿಂದ ತಯಾರಾದ ಜೆಲ್ಲುಗಳನ್ನು ನಮ್ಮ ಮಳೆಗಾಲದ ತೇವದಲ್ಲಿಯೂ ಬೇಸಗೆಯ ಸೆಕೆಯಲ್ಲಿಯೂ ಇರಿಸಿ ನೋಡತಕ್ಕದ್ದು. 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಗೆ ಅನುಸಾರವಾದ ಪರೀಕ್ಷೆಗಳ ವೆಚ್ಚವನ್ನು ಇಲಾಖೆಯು ವಹಿಸತಕ್ಕದ್ದು. ಸಿಗಡಿ ಒಗ್ಗದವರಿಗೆ ಎಚ್ಚರಿಕೆಯನ್ನು ಹೊದಿಕೆಯ ಮೇಲೆ ಕನ್ನಡದಲ್ಲಿಯೇ ಮುದ್ರಿಸತಕ್ಕದ್ದು. ಪರೀಕ್ಷೆಯಲ್ಲಿ ಗೆದ್ದ ಜೆಲ್ ಪಟ್ಟಿಗಳು ಮೊದಲು ಆಂಬುಲೆನ್ಸುಗಳಿಗೂ ತಾಲ್ಲೂಕು ಆಸ್ಪತ್ರೆಗಳಿಗೂ ಸಲ್ಲಬೇಕು.

ಬರುವ ಆಯವ್ಯಯ ಸಿದ್ಧವಾಗುವ ಮುನ್ನ ನಮ್ಮ ನಿಯೋಗಕ್ಕೆ ಸಂದರ್ಶನವನ್ನು ದಯಪಾಲಿಸಬೇಕೆಂದು ಕೋರುವ,

ತಮ್ಮ ವಿಧೇಯರು,
ಕರಾವಳಿಯ ವೈದ್ಯರು ಮತ್ತು ಅಧ್ಯಾಪಕರು