ಹೆದರಿದವನನ್ನು ಹಂಗಿಸುವ ಪಂಡಿತರಿಗೆ

ಕೂಲಿಕಾರ ಸೂಜಿಗೆ ಹೆದರುತ್ತಾನೆ, ಅವನಿಗೆ ತಿಳಿವಳಿಕೆಯಿಲ್ಲ! 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಪೇಟೆಯ ಪಂಡಿತರು ಆಡಿದ ಮಾತಿದು. ಇಂದಿಗೂ ಆಡುತ್ತಾರೆ. ಲಸಿಕೆ ಜೀವ ಉಳಿಸಿತು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಹೆದರಿಕೆ ಎಲ್ಲಿಂದ ಬಂತು, ಸ್ವಾಮಿ?

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ದಿಲ್ಲಿಯ ಅಪ್ಪಣೆ. ನಡುರಾತ್ರಿಗೆ ದೇಶಕ್ಕೆ ಬೀಗ. ನಾಲ್ಕೇ ಗಂಟೆ! ಕೆಲಸ ಹೋಯಿತು, ಕೂಲಿ ಹೋಯಿತು. ಬೆಂಗಳೂರಿನಲ್ಲಿ ಮನೆ ಕಟ್ಟುತ್ತಿದ್ದ ಬಿಹಾರ, ಒಡಿಶಾಗಳ ಆಳುಗಳು ಊರಿಗೆ ಬಿಡಿ ಎಂದು ಗೋಗರೆದರು. ಮೇ 5ರಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಕಟ್ಟಡದ ಧಣಿಗಳೊಡನೆ ಮಾತಾಡಿದರು. ಅಂದೇ ಅವರ ಸರಕಾರ ರೈಲು ಬೇಡವೆಂದು ಬರೆಯಿತು. ನಾಲ್ಕು ಕಡೆಯಿಂದ ಛೀಮಾರಿ ಬಿದ್ದ ಮೇಲೆಯೇ ರೈಲು ಮತ್ತೆ ಹೊರಟಿದ್ದು.

ಇಷ್ಟು ಕಂಡವನ ಮನಸ್ಸು ಕದಡದೆ ಇದ್ದೀತೆ? ನಿದ್ದೆಗೆಟ್ಟ ಆ ಮನುಷ್ಯನಿಗೆ ಮರುವರ್ಷ ಅದೇ ಸರಕಾರ ತೋಳು ನೀಡೆಂದಾಗ ಅವನು ಅನುಮಾನಿಸಿದರೆ ಅದು ಮೌಢ್ಯವೇ? ಸೂಜಿ ಚುಚ್ಚಿಸಿದ ರಾತ್ರಿ ಅನೇಕರಿಗೆ ಜ್ವರ, ಮೈಕೈ ನೋವು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಸಂಬಳದವನಿಗೆ ಅದು ರಜೆ. ದಿನಗೂಲಿಯವನಿಗೆ ಒಲೆ ಉರಿಯದ ಎರಡು ದಿನ. ಈ ಲೆಕ್ಕವನ್ನು ಪಂಡಿತರು ಹಾಕಲಿಲ್ಲ.

ಮನೆಮನೆಗೆ ಹೋಗಿ ಧೈರ್ಯ ಹೇಳಿದವರು ಆಶಾ ಕಾರ್ಯಕರ್ತೆಯರು. ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು 2020ರ ಜುಲೈನಲ್ಲಿ ಮುಷ್ಕರ ಹೂಡಿದವರೂ ಅವರೇ. ಅವರ ಮನಸ್ಸಿನ ದಣಿವನ್ನು ವಿಚಾರಿಸಿದವರು ಯಾರು?

ಇನ್ನೊಂದು ರೋಗ ಬಂದೀತು, ಇನ್ನೊಂದು ಲಸಿಕೆಯೂ. ಅಂದು ಸೂಜಿಯ ಜೊತೆಗೆ ಎರಡು ದಿನದ ಕೂಲಿಯನ್ನೂ ತನ್ನಿ.